ಅಲ್ಲಾಡದ ತುಟಿ

ಅಸಾಕುಸ ಪೇಟೆಯ ಆ ಚಿತ್ರಮಂದಿರಕ್ಕೆ ಜನ ಬರುತ್ತಿದ್ದದ್ದು ಚಿತ್ರ ನೋಡಲಿಕ್ಕಲ್ಲ, ಗೆನ್ನೊಸುಕೆಯ ಮಾತು ಕೇಳಲಿಕ್ಕೆ. ಮೂಕಚಿತ್ರಕ್ಕೆ ಪರದೆಯ ಪಕ್ಕ ನಿಂತು ಮಾತು ಕೊಡುವವನು ಅವನು. ಗಂಡನೂ ಅವನೇ, ಹೆಂಡತಿಯೂ ಅವನೇ, ಗಂಡನನ್ನು ಬುಟ್ಟಿಗೆ ಹಾಕಿಕೊಂಡವಳೂ ಅವನೇ. ಕೆಳಗೆ ಕತ್ತಲಲ್ಲಿ ಕೂತು ಮೂರು ತಂತಿಯ ಶಾಮಿಸೆನ್ ಮೀಟುವವಳು ಅವನ ಹೆಂಡತಿ ಒತಾಕಿ. ಅವನ ಮಾತು ಅತ್ತರೆ ಅವಳ ತಂತಿಯೂ ಅಳಬೇಕು.

ಅವತ್ತಿನ ಮಧ್ಯಾಹ್ನದ ಆಟ ಒಂದು ವಿಲಾಯಿತಿ ಚಿತ್ರ. ಪರದೆಯ ಮೇಲಿನ ಗಂಡ ಇನ್ನೊಬ್ಬಳ ಮನೆಯ ಬಾಗಿಲು ತಟ್ಟಿದ. ದಿನಾ ಆ ಹೆಣ್ಣಿಗೆ ಕೀರಲು ದನಿ ಕೊಡುತ್ತಿದ್ದ ಗೆನ್ನೊಸುಕೆ, ಅವತ್ತು ಚಪ್ಪಾಳೆಯ ಆಸೆಗೆ ತೊದಲಿದ.

"ಬಂದ್ರಾ ಶಾರ್? ಮೆತ್ತೆ ಬಿಶಿ ಮಾಡಿಟ್ಟಿದೀನಿ, ಕೂತ್ಕೊಳ್ಳಿ."

ಸಭೆ ಗೊಳ್ಳೆಂದಿತು. 'ಸ' ಹೊರಳದ ಆ ನಾಲಗೆ ಯಾರದೆಂದು ಎಲ್ಲರಿಗೂ ಗೊತ್ತು, ಬಾಗಿಲಲ್ಲಿ ಕೂತು ಜನರಿಗೆ ಮೆತ್ತೆ ಬಾಡಿಗೆಗೆ ಕೊಡುವ ಒಶಿನೊಳದು. ತಲೆಗಳೆಲ್ಲ ಒಶಿನೊಳತ್ತ ತಿರುಗಿದವು, ಆಮೇಲೆ ಒತಾಕಿಯತ್ತ. ಗೆನ್ನೊಸುಕೆಗೂ ಅವಳಿಗೂ ಇದ್ದ ನಂಟು ಊರಿಗೆಲ್ಲ ಹಳೇ ಸುದ್ದಿ, ಕಟ್ಟಿಕೊಂಡವಳಿಗೆ ಮಾತ್ರ ಹೊಸದು. ಒತಾಕಿಗೆ ಮೈಯೆಲ್ಲ ಉರಿಯಿತು. ಆದರೂ ಕೈ ನಿಲ್ಲಲಿಲ್ಲ, ಅಭ್ಯಾಸ ಎಂಬುದು ಅಂಥ ದರಿದ್ರ.

ನಗು ಕೇಳಿ ಅವನಿಗೆ ಹುಮ್ಮಸ್ಸು ಬಂತು. ಚಿತ್ರದ ಹೆಂಡತಿಯ ಬಾಯಲ್ಲಿ, "ಸಾರು ಮೂರು ಸಲ ಬಿಸಿ ಮಾಡ್ದೆ ಕಣ್ರೀ, ಇನ್ನೆಷ್ಟು ಸಲ ಮಾಡ್ಲಿ?" ಎಂದು ಗೋಳಾಡಿದ. ಬೆಳಿಗ್ಗೆ ಒತಾಕಿ ಆಡಿದ್ದ ಮಾತು, ಒಂದಕ್ಷರ ಬಿಡದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯಲ್ಲಿ ಆ ಗಂಡ ಹೆಂಡತಿಯ ಹೊಸ್ತಿಲಲ್ಲಿ ಮಂಡಿಯೂರುತ್ತಾನೆ. ಗೆನ್ನೊಸುಕೆ ಅವಳ ದನಿಯಲ್ಲಿ ಬಿಕ್ಕಿ, "ಹೋಗ್ಲಿ ಬಿಡಿ, ಒಳಗೆ ಬನ್ನಿ" ಎಂದು ಕೈಯೆತ್ತಿದರೆ ರೀಲು ನಿಂತು ದೀಪ ಹತ್ತಬೇಕು. ಅಲ್ಲಿಂದಾಚೆಯ ರೀಲು ಜನ ಕಂಡಿರಲಿಲ್ಲ. ಕ್ಷಮಿಸದ ಹೆಂಡತಿಯನ್ನು ನೋಡಲು ಯಾರು ಬರುತ್ತಾರೆ ಎಂಬುದು ಅವನ ವಾದ. ಒತಾಕಿ ಮೊದಲ ದಿನವೇ ಪೂರ್ತಿ ನೋಡಿದ್ದಳು.

"ಹೋಗ್ಲಿ ಬಿಡಿ, ಒಳಗೆ ಬನ್ನಿ" ಎಂದ ಗೆನ್ನೊಸುಕೆ.

ತಂತಿ ಅಳಲಿಲ್ಲ. ಒತಾಕಿ ವಾದ್ಯವನ್ನು ಕೆಳಗಿಟ್ಟಳು.

"ಅವಳೆಲ್ಲಿ ಹಾಗಂದ್ಳು? ತುಟೀನೇ ಅಲ್ಲಾಡ್ಲಿಲ್ಲ."

"ಹೌದಲ್ಲೇ," ಎಂದಳು ಹಿಂದಿನ ಸಾಲಿನ ಮುದುಕಿಯೊಬ್ಬಳು.

ದೀಪಕ್ಕೆ ಸನ್ನೆ ಮಾಡಬೇಕಿದ್ದ ಗೆನ್ನೊಸುಕೆಯ ಕೈ ಏಳಲಿಲ್ಲ. ರೀಲು ಓಡುತ್ತಲೇ ಇತ್ತು. ಯಾರ ಮಾತಿಗೂ ಕಾಯದೆ ಪರದೆಯ ಹೆಂಗಸು ಬಾಗಿಲು ಮುಚ್ಚಿಕೊಂಡಳು, ಗಂಡ ಹೊರಗೇ ಉಳಿದ. ಒತಾಕಿ ಶಾಮಿಸೆನ್ ಬಟ್ಟೆಯಲ್ಲಿ ಸುತ್ತಿಕೊಂಡು ಮೆತ್ತೆಯವಳ ಮುಂದೆಯೇ ಹಾದು ಬೀದಿಗಿಳಿದಳು.