ಮುಖ ನೋಡಿ ಮಣೆ

ಮುಖ ನೋಡಿ ಮಣೆ ಹಾಕುವುದು ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅದು ಅಕ್ಷರಶಃ ನಡೆದದ್ದನ್ನು ಕಂಡವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸು. ಯುದ್ಧಕ್ಕೆ ಮುಂಚೆ ಆ ಆಸ್ಪತ್ರೆ ಶಾಲೆಯಾಗಿತ್ತು. ಈಗ ಬೆಂಚುಗಳ ಜಾಗದಲ್ಲಿ ಮಂಚಗಳು, ಕರಿಹಲಗೆಯ ಮೇಲೆ ಯಾರಿಗೆ ಎಷ್ಟು ಜ್ವರ ಎಂಬ ಬರಹ. ಮೊಣಕೈವರೆಗೆ ಸದಾ ಸಾಬೂನು ಮೆತ್ತಿರುತ್ತಿದ್ದುದರಿಂದ ಗಾಯಾಳುಗಳು ಅವಳನ್ನು ನೊರೆಯಮ್ಮ ಎಂದು ಕರೆಯುತ್ತಿದ್ದರು. ಕೀವು, ರಕ್ತ, ಹೇಲು ಎಲ್ಲವನ್ನೂ ಬರಿಗೈಯಲ್ಲಿ ತಿಕ್ಕಿದವಳು, ಒಮ್ಮೆಯೂ ಮೂಗು ಮುರಿದವಳಲ್ಲ. ಅವಳಿಗೆ ಅಸಹ್ಯ ಹುಟ್ಟಿದ್ದು ಎಲ್ಲವೂ ಚೊಕ್ಕಟವಾದ ದಿನ, ಮಂತ್ರಿಯ ಹೆಂಡತಿ ಬಂದ ದಿನ.

ಬೆಳಿಗ್ಗೆ ಡಾಕ್ಟರು ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಮಂಚದಿಂದ ಮಂಚಕ್ಕೆ ಹೋದರು. ಕಾಲು ಹೋದವರು ಪರವಾಗಿಲ್ಲ, ಹೊದಿಕೆ ಮುಚ್ಚುತ್ತದೆ. ಮೈ ಸುಟ್ಟವರು ಹಿಂದಿನ ಕೋಣೆಗೆ. ಕಿಟಕಿಯ ಪಕ್ಕದ ಮೊದಲ ಮಂಚ ಸಿಕ್ಕಿದ್ದು ಉಗ್ರಾಣದ ಗುಮಾಸ್ತನಿಗೆ. ಎಲ್ಲರೂ ಮದುಮಗ ಎನ್ನುತ್ತಿದ್ದ ಈ ಚೆಲುವ ಕುಡಿದು ಲಾರಿಯಿಂದ ಬಿದ್ದು ಪಾದದ ಮೂಳೆ ಮುರಿದುಕೊಂಡಿದ್ದ. ಅವನ ತಲೆಗೆ ಹೊಸ ಪಟ್ಟಿ ಸುತ್ತಿ, ಮೇಲೆ ಕೆಂಪು ಔಷಧಿಯ ಬೊಟ್ಟಿಟ್ಟರು. ಯುದ್ಧ ಗೆದ್ದು ಬಂದವನ ಹಾಗೆ ಒರಗಿಕೊಂಡ, ಬಡವ!

ನೊರೆಯಮ್ಮನ ತಮ್ಮನೂ ಅದೇ ವಾರ್ಡಿನಲ್ಲಿದ್ದ. ಗುಂಡಿನ ಚೂರು ಅವನ ಕೆಳದವಡೆಯನ್ನೂ ತುಟಿಗಳನ್ನೂ ಹೊತ್ತೊಯ್ದಿತ್ತು. ಅವನ ಮಂಚವನ್ನು ಪಕ್ಕದ ಕೊಳೆಬಟ್ಟೆಯ ಕೋಣೆಗೆ ತಳ್ಳಿ ಬಾಗಿಲು ಹಾಕಿದರು.

ರಾಜಧಾನಿಯಲ್ಲಿ ಪಕ್ಕೆಲುಬಿನ ಚೂರಿನಿಂದ ದವಡೆ ಕಟ್ಟುವ ವೈದ್ಯರಿದ್ದರು. ಅಲ್ಲಿಗೆ ಮರುದಿನ ಹೊರಡುವ ಆಸ್ಪತ್ರೆ ರೈಲಿನಲ್ಲಿ ಒಂದೇ ಜಾಗ ಉಳಿದಿತ್ತು, ಅದು ಮಂತ್ರಿಯ ಹೆಂಡತಿಯ ಕೈಯಲ್ಲಿತ್ತು.

"ಅವರು ಇವನನ್ನ ನೋಡದೇ ಇದ್ರೆ ಜಾಗ ಹೇಗೆ ಸಿಗುತ್ತೆ ಡಾಕ್ಟ್ರೇ?"

"ನೋಡಿದ್ರೆ ತಿಂದದ್ದೆಲ್ಲ ಕಕ್ಕಿಬಿಡ್ತಾರೆ. ಖುಷಿಯಾಗಿ ಇರಲಿ. ಹೊರಡೋವಾಗ ನಾನೇ ಅವರ ಕಿವಿಗೆ ಹಾಕ್ತೀನಿ. ನೀನು ಮಾತ್ರ ಹೇಳಿದ ಹಾಗೆ ಕೇಳು."

ಅವಳು ಕೇಳಿದಳು. ಪಕ್ಕದಲ್ಲಿ ಒಬ್ಬ ಅಕ್ಕನೋ ತಂಗಿಯೋ ಇದ್ದರೆ ಫೋಟೋ ತುಂಬಿಕೊಳ್ಳುತ್ತದೆ ಎಂದು ಪತ್ರಿಕೆಯಿಂದ ಬಂದಿದ್ದ ಫೋಟೋದವನು ಹೇಳಿದ್ದಕ್ಕೆ, ಒಗೆದ ಸೀರೆಯುಟ್ಟು ಮೊದಲ ಮಂಚದ ಪಕ್ಕ ನಿಂತಳು. ತಮ್ಮನಿಗಾಗಿ ತಾನೇ ಎಂದು ಹಲ್ಲು ಕಚ್ಚಿ ನಿಂತಳು.

ಮಂತ್ರಿಯ ಹೆಂಡತಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಬಂದಳು. ಹಿಂದೆ ಬುಟ್ಟಿ ತುಂಬ ಕಿತ್ತಳೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಹೆಂಗಸು. ಮದುಮಗನ ತಲೆಯ ಪಟ್ಟಿ ಕಂಡದ್ದೇ ಕಣ್ಣು ತೇವವಾಯಿತು.

"ಇವನು ನಿನ್ನ ತಮ್ಮನೇನಮ್ಮಾ?"

"ನಮ್ಮಕ್ಕ, ತಾಯೀ!" ಎಂದ ಮದುಮಗ, ಅವಳ ಸೆರಗು ಬೇರೆ ಹಿಡಿದು.

ಆಗಲೇ ಮುಚ್ಚಿದ ಬಾಗಿಲ ಹಿಂದಿನಿಂದ ಕೂಗು ಬಂತು. "ಅಕ್ಕ!"

ಅಪ್ಪ, ಅಮ್ಮ ಎನ್ನಲು ತುಟಿ ಬೇಕು. ಅಕ್ಕ ಎನ್ನಲು ಗಂಟಲಿದ್ದರೆ ಸಾಕು. ತಮ್ಮನಿಗೆ ಸ್ಪಷ್ಟವಾಗಿ ಉಳಿದಿದ್ದ ಮಾತು ಅದೊಂದೇ.

"ಯಾರದು?" ಎಂದಳು ಮಂತ್ರಿಯ ಹೆಂಡತಿ.

"ಜ್ವರದ ರೋಗಿ. ಬಡಬಡಿಸ್ತಾನೆ," ಎಂದು ಡಾಕ್ಟರು ನೊರೆಯಮ್ಮನ ಕಡೆ ಕಣ್ಣು ಬಿಟ್ಟರು.

"ಅಕ್ಕ!"

"ಹೌದಮ್ಮಾ, ಇವನೇ ನನ್ನ ತಮ್ಮ," ಎಂದಳು ನೊರೆಯಮ್ಮ. ಒಳಗಿನ ಕೂಗು ಇವರಿಗೆ ಕೇಳದಿರಲಿ ಎಂದು ದನಿಯೇರಿಸಿಯೇ ಹೇಳಿದಳು. ಒಳಗೆ ಸದ್ದಡಗಿತು.

ಫೋಟೋ ತೆಗೆದದ್ದಾಯಿತು. ಮಂತ್ರಿಯ ಹೆಂಡತಿ ಕಣ್ಣೊರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು. "ಆ ಉಳಿದ ಜಾಗ ಇವನಿಗೇ ಇರಲಿ. ಇಂಥ ಅಕ್ಕನ್ನ ಅಳಿಸಬಾರದು."

ಡಾಕ್ಟರು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು. "ದೊಡ್ಡ ಮನಸ್ಸು ನಿಮ್ಮದು," ಎಂದರು.

ನೊರೆಯಮ್ಮ ಕಾರಿನವರೆಗೂ ಓಡಿದಳು. "ಅಮ್ಮಾ, ಸುಳ್ಳು! ಅವನು ನನ್ನ ತಮ್ಮ ಅಲ್ಲ. ನನ್ನ ತಮ್ಮ ಕೊಳೆಬಟ್ಟೆ ಜೊತೆ ಬಿದ್ದಿದಾನೆ!"

"ಪಾಪ, ಸಂತೋಷ ತಡ್ಕೊಳ್ಳೋಕೆ ಆಗ್ತಿಲ್ಲ," ಎಂದು ಆಕೆ ಅವಳ ಕೈಗೂ ಒಂದು ಕಿತ್ತಳೆ ಇಟ್ಟಳು. ಕಾರು ಹೊರಟಿತು.

ಮದುಮಗ ತನ್ನ ಕಿತ್ತಳೆ ಸುಲಿದು ತಿನ್ನುತ್ತಿದ್ದ, ರಸ ಗದ್ದದ ಮೇಲೆ ಇಳಿಯುತ್ತಿತ್ತು. "ನಾನೇನ್ ಮಾಡ್ಲಿ ನೊರೆಯಮ್ಮಾ? ತಾನಾಗಿ ಬಂದದ್ದನ್ನ ಬೇಡ ಅನ್ನೋಕೆ ನಾನೇನು ಹುಚ್ಚನಾ?"

ಥೂ! ಅವಳಿಗೆ ಆ ಗದ್ದದ ಮೇಲೆ ಅಸಹ್ಯ, ಡಾಕ್ಟರ ಮೇಲೆ ಅಸಹ್ಯ, ಎಲ್ಲಕ್ಕಿಂತ ತನ್ನ ಬಾಯಿಯೊಳಗಿನ ನಾಲಿಗೆಯ ಮೇಲೆ. ಒಗೆಯುವ ಬಾನಿಗೆ ಬಗ್ಗಿ ವಾಂತಿ ಮಾಡಿದಳು.

ಆಮೇಲೆ ಕೋಣೆಯ ಬಾಗಿಲು ತೆರೆದಳು. ತಮ್ಮನ ಗಂಟಲಿಗೆ ನೀರು ಬಿಡುವ ನಳಿಕೆ ಜಾರಿ ನೆಲಕ್ಕೆ ಬಿದ್ದಿತ್ತು. ಅಷ್ಟಕ್ಕೇ ಕರೆದಿದ್ದ.

"ನಿನಗೋಸ್ಕರ ಕಣೋ ಹಾಗಂದದ್ದು," ಎಂದಳು. ಅವನು ಅವಳನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ. ನಳಿಕೆ ತೊಳೆದು ನೀರು ಬಿಟ್ಟಳು, ಕುಡಿದ.

ಅವನು ಇನ್ನೂ ಬಹಳ ಕಾಲ ಬದುಕಿದ್ದ. ಏನಾದರೂ ಬೇಕಾದರೆ ಮಂಚದ ಕಂಬಿಯನ್ನು ಬೆರಳಿನಿಂದ ತಟ್ಟುತ್ತಿದ್ದ, ಯಾವ ಆಯಾ ಬಂದರೂ ಸರಿ ಎನ್ನುವ ಹಾಗೆ.