ಐದು ಜನರ ಕಂಪನಿ

ನಮ್ಮ ಕಂಪನಿಯಲ್ಲಿ ಐದು ಜನ. ಐದೂ ಜನ ನಾನೇ.

ಮೋಸ ಮಾಡಬೇಕೆಂದು ಶುರುವಾದದ್ದಲ್ಲ ಇದು. ಪುಸ್ತಕಗಳಿಗೆ ಮುಖಪುಟ ಮಾಡಿಕೊಡುವುದು ನನ್ನ ಕಸುಬು. ಮೂರನೇ ಮಹಡಿಯ ಒಂದು ಕೋಣೆ, ಅದೇ ಮನೆ ಅದೇ ಆಫೀಸು; ಒಂದು ಮೇಜು, ಒಂದು ಕಂಪ್ಯೂಟರ್, ನಾನು. ಒಮ್ಮೆ ಪ್ರಕಾಶಕರಿಗೆ ಇಮೇಲ್ ಬರೆಯುವಾಗ 'ನಾನು ನೋಡುತ್ತೇನೆ' ಎಂದರೆ ತೀರಾ ಬಡವಾಗಿ ಕಂಡಿತು; 'ನಮ್ಮ ತಂಡ ನೋಡುತ್ತದೆ' ಎಂದು ಬರೆದೆ. ಬರೆದ ಮೇಲೆ ತಂಡ ಬೇಡವೇ? ಮ್ಯಾನೇಜರ್ ಹುಟ್ಟಿದರು. ಡಿಸೈನರ್ ಹುಟ್ಟಿದಳು. ಅಕ್ಷರ ಬರೆಯುವವನೊಬ್ಬ, ಕರಡು ತಿದ್ದುವವಳೊಬ್ಬಳು, ಫೋನೆತ್ತಿ 'ಒಂದ್ನಿಮಿಷ ಸರ್, ಒಳಗೆ ಕೇಳಿ ಹೇಳ್ತೀನಿ' ಎನ್ನುವ ಹುಡುಗಿಯೊಬ್ಬಳು. ಆ ಒಂದು ನಿಮಿಷ ನಾನು ಫೋನಿಗೆ ಕೈ ಅಡ್ಡ ಹಿಡಿದು ಗೋಡೆ ನೋಡುತ್ತ ನಿಂತಿರುತ್ತಿದ್ದೆ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಡಿಸೈನರ್ ಸುಸ್ತಾದಳು. ಎರಡು ದಿನ ರಜೆ ಬೇಕೆಂದು ಮ್ಯಾನೇಜರಿಗೆ ಇಮೇಲ್ ಹಾಕಿದಳು. 'ಕೆಲಸದ ಒತ್ತಡವಿದೆ, ದಯವಿಟ್ಟು ಸಹಕರಿಸಿ' ಎಂದು ಉತ್ತರ ಬಂತು. ಎರಡನ್ನೂ ಬರೆದದ್ದು ನಾನೇ. ಆದರೂ ಓದಿದಾಗ ಹೊಟ್ಟೆ ಉರಿಯಿತು. ಮತ್ತೆ ಕೇಳಿದಳು, ಮತ್ತೆ ಇಲ್ಲ. ಹತ್ತೊಂಬತ್ತನೆಯ ಅರ್ಜಿಯ ಹೊತ್ತಿಗೆ ಅವರಿಬ್ಬರೂ ಮಾತು ಬಿಟ್ಟಿದ್ದರು. ಮನೆಯಲ್ಲಿ ಇರುವವಳು ನಾನೊಬ್ಬಳೇ, ಅಲ್ಲೂ ಯಾರೊಂದಿಗೂ ಮಾತಿಲ್ಲ ಎನ್ನುವ ಸ್ಥಿತಿ.

ಹಾಗೆಯೇ ಕುರ್ಚಿಯ ಕಾಟ ಶುರುವಾಯಿತು. ಯಾವ ಮುಖಪುಟ ಬರೆಯಲು ಕೂತರೂ ಅದರಲ್ಲಿ ಖಾಲಿ ಕುರ್ಚಿಯೊಂದು ಬಂದು ನಿಲ್ಲುತ್ತಿತ್ತು. ಪ್ರೇಮಕಥೆಗೆ ಖಾಲಿ ಕುರ್ಚಿ, ಚೆನ್ನಾಗಿದೆ ಎಂದರು. ಪತ್ತೇದಾರಿ ಕಾದಂಬರಿಗೆ ಖಾಲಿ ಕುರ್ಚಿ, ಇರಲಿ ಎಂದರು. ಮೂರನೆಯದಕ್ಕೆ ಪ್ರಕಾಶಕರೇ ಫೋನ್ ಮಾಡಿದರು.

"ಏನಮ್ಮಾ, ಕೋಳಿ ಸಾಕಣೆ ಪುಸ್ತಕಕ್ಕೆ ಖಾಲಿ ಕುರ್ಚಿ ಯಾಕೆ? ಕೋಳಿ ಎಲ್ಲಿ?"

"ಒಂದ್ನಿಮಿಷ ಸರ್, ಒಳಗೆ ಕೇಳಿ..."

"ಕೇಳೋದು ಬೇಡ. ಐದು ಜನ ಕೂತು ಒಬ್ಬರಿಗೂ ಒಂದು ಕೋಳಿ ಹೊಳೀಲಿಲ್ವಾ? ಗುರುವಾರ ಹನ್ನೊಂದಕ್ಕೆ ನಾನೇ ಬರ್ತೀನಿ. ಐದೂ ಜನ ಇರ್ಬೇಕು. ಸರಿ ಕಾಣ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

ನಾನು ಮಾಡುವ ಹತ್ತು ಮುಖಪುಟಗಳಲ್ಲಿ ಒಂಬತ್ತು ಅವರವೇ. ಅವರು ಹೋದರೆ ಐದು ಜನರ ಹೊಟ್ಟೆಪಾಡೂ ಹೋದಂತೆ.

ಇಪ್ಪತ್ತು ದಿನಗಳಿಂದ ಹೊರಗೇ ಬಾರದಿದ್ದವಳು ಮಂಗಳವಾರ ಮಧ್ಯಾಹ್ನ ಮೆಟ್ಟಿಲಿಳಿದು ಕೆಳಗೆ ಹೋದೆ. ಕೆಳಗಿನ ಜಗಲಿಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಮಾವ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮನೆ ನೋಡೋಕೆ ಬಂದ್ಯೇನಮ್ಮಾ? ಮೇಲೆ ಖಾಲಿ ಇಲ್ಲ. ಒಂದು ಹುಡುಗಿ ಇದಾಳೆ. ಇದಾಳೋ ಇಲ್ವೋ ಅಂತ ನಮಗೂ ಅನುಮಾನವೇ."

"ಆ ಹುಡುಗಿ ನಾನೇ, ಮಾವ."

"ಅಯ್ಯೋ! ನೀನಾ? ಇಷ್ಟೇ ಇಷ್ಟಾಗಿದೀಯಲ್ಲೇ!"

ಅಷ್ಟು ಕೇಳಿದ್ದೇ ತಡ, ನನಗೆ ಅಳು ಬಂತು. ಅಳುತ್ತ ಅಳುತ್ತಲೇ ಕಂಪನಿಯ ವಿಷಯವೆಲ್ಲ ಹೇಳಿಬಿಟ್ಟೆ. ಪಕ್ಕದ ಅಂಗಡಿಯಿಂದ ಟೈಲರಣ್ಣ ಕತ್ತರಿ ಹಿಡಿದೇ ಬಂದ. ಎದುರು ಮನೆಯ ನರ್ಸಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ "ರಕ್ತವೇ ಇಲ್ಲ" ಎಂದರು.

"ಗುರುವಾರ ನಾವೇ ನಿನ್ನ ತಂಡ ಆಗೋಣ ಬಿಡು" ಎಂದರು ಕಂಡಕ್ಟರ್ ಮಾವ. "ಮೂವತ್ತೈದು ವರ್ಷ ನಿಂತೇ ಕೆಲಸ ಮಾಡಿದೀನಿ. ಮ್ಯಾನೇಜರ್ ಅಂದ್ರೆ ಕೂತ್ಕೋಬಹುದು, ಅಲ್ವಾ?"

ಟೈಲರಣ್ಣ ಅಕ್ಷರ ಬರೆಯುವವನಾದ. ನರ್ಸಮ್ಮ ಕರಡು ತಿದ್ದುವವರಾದರು. ಡಿಸೈನರ್ ನಾನೇ. ಫೋನೆತ್ತುವ ಹುಡುಗಿಗೆ ಜ್ವರ ಎಂದು ಹೇಳುವುದೆಂದಾಯಿತು, "ಎಷ್ಟು ಡಿಗ್ರಿ?" ಎಂದು ನರ್ಸಮ್ಮ ಕೇಳಿದರು.

ಬುಧವಾರ ತಾಲೀಮು ಎಂದು ಕರೆದಿದ್ದೆ. ಕಂಡಕ್ಟರ್ ಮಾವ ಹತ್ತಕ್ಕೆ ಸರಿಯಾಗಿ ಬಂದು ಕೂತು, "ಹಳೇ ಪತ್ರವ್ಯವಹಾರ ತೋರಿಸು" ಎಂದರು. ನಾಟಕಕ್ಕೆ ಅದೆಲ್ಲ ಬೇಡ ಮಾವ ಎಂದರೆ ಕೇಳಬೇಕಲ್ಲ. ಕನ್ನಡಕ ಏರಿಸಿ ಒಂದೊಂದಾಗಿ ಓದಿದರು. ಓದುತ್ತ ಓದುತ್ತ ಮುಖ ಕಪ್ಪಿಟ್ಟಿತು.

"ಹತ್ತೊಂಬತ್ತು ಸಲ ರಜೆ ಕೇಳಿದಾಳೆ. ಯಾರು ಕೊಡದೆ ಹೋಗಿದ್ದು?"

"ಮ್ಯಾನೇಜರ್."

"ಅಂದ್ರೆ ನಾನು?"

"ನೀವಲ್ಲ ಮಾವ, ಅದು..."

"ಕುರ್ಚಿ ಮೇಲೆ ಕೂತಿರೋದು ಯಾರು? ನಾನು ತಾನೇ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಣ್ಣುಮಗಳಿಗೆ ಎರಡು ದಿನ ರಜೆ ಕೊಡಲಿಲ್ಲವಲ್ಲ ನಾನು. ಎಂಥ ಮನುಷ್ಯನಯ್ಯಾ ನಾನು?"

"ನೀವು ಮೊದ್ಲಿಂದ್ಲೂ ಹಾಗೇ" ಎಂದ ಟೈಲರಣ್ಣ. "ಒಂದ್ಸಲ ನಾನು ಓಡಿ ಬರ್ತಿದ್ರೂ ಸೀಟಿ ಊದಿ ಬಸ್ ಹೊರಡಿಸಿದ್ರಿ."

ಅವತ್ತಿನ ತಾಲೀಮು ಇವರಿಬ್ಬರ ಜಗಳದಲ್ಲೇ ಮುಗಿಯಿತು.

ಗುರುವಾರ ಪ್ರಕಾಶಕರು ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವರ ಕೈ ಹಿಡಿದು ನರ್ಸಮ್ಮ ನಾಡಿ ನೋಡಿದರು. ಟೈಲರಣ್ಣ ಕೋಳಿ ಪುಸ್ತಕದ ಸುತ್ತ ಟೇಪು ಹಿಡಿದು, "ಭುಜದ ಹತ್ರ ಬಿಗಿಯಾಗಿದೆ ಸರ್, ಸ್ವಲ್ಪ ಬಿಡ್ಬೇಕು" ಎಂದ. ಪ್ರಕಾಶಕರಿಗೆ ಅರ್ಥವಾಗಲಿಲ್ಲ, ಅರ್ಥವಾಗದ್ದರಿಂದಲೇ ಇವರು ಭಾರಿ ತಿಳಿದವರು ಎನ್ನಿಸಿರಬೇಕು, ತಲೆದೂಗಿದರು.

"ಒಳ್ಳೇ ತಂಡ ಕಣ್ರೀ. ನನಗೆ ಒಪ್ಪಿಗೆ. ಹಾಗಾದ್ರೆ ಸೋಮವಾರಕ್ಕೆ ಹತ್ತು ಮುಖಪುಟ ಕೊಟ್ಬಿಡಿ."

ನನ್ನ ಬಾಯಿ ತಾನಾಗಿ 'ಆಗಲಿ ಸರ್' ಎನ್ನಲು ತೆರೆಯಿತು. ಅಷ್ಟರಲ್ಲಿ ಕಂಡಕ್ಟರ್ ಮಾವ ಕೈ ಎತ್ತಿದರು.

"ಜಾಗ ಇಲ್ಲ."

"ಏನಂದ್ರಿ?"

"ಬಾಗಿಲವರೆಗೂ ಜನ ನೇತಾಡ್ತಿದಾರೆ. ಇನ್ನೂ ಹತ್ತು ಜನ ಹತ್ತಿದ್ರೆ ಬಸ್ಸು ಮುಂದೆ ಹೋಗಲ್ಲ. ನಮ್ಮ ಡಿಸೈನರ್ ನಾಳೆಯಿಂದ ರಜೆ. ನಾನೇ ಕೊಟ್ಟಿದೀನಿ."

"ಹಾಗಾದ್ರೆ ನಾನು ಬೇರೆ ಕಡೆ ನೋಡ್ಬೇಕಾಗುತ್ತೆ."

"ನೋಡಿ ಸ್ವಾಮಿ" ಎಂದು ಮಾವ ಎದ್ದು ಬಾಗಿಲು ತೆರೆದು ನಿಂತರು. "ಇಳಿಯುವಾಗ ಹುಷಾರು."

ಅವರು ಇಳಿದು ಹೋದ ಸದ್ದು ಮೂರೂ ಮಹಡಿಯಷ್ಟು ಕೇಳಿಸಿತು. ನಾನು ಮಾವನ ತೋಳು ಹಿಡಿದು ಅಲ್ಲಾಡಿಸಿದೆ. "ಮಾವ, ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ!"

"ಅನ್ನ ತಿಂದು ಎಷ್ಟು ದಿನ ಆಯ್ತು ಅದು ಹೇಳು ಮೊದ್ಲು" ಎಂದರು ನರ್ಸಮ್ಮ. ಲೆಕ್ಕ ಹಾಕಲು ಹೋದೆ, ನೆನಪಾಗಲಿಲ್ಲ.

ಶುಕ್ರವಾರ ಹತ್ತಕ್ಕೆ ಬಾಗಿಲು ಬಡಿದರು. ನಾಟಕ ಮುಗಿಯಿತಲ್ಲ, ಇನ್ನೇನು ಎಂದು ತೆಗೆದರೆ ಮೂವರೂ ತಲೆ ಬಾಚಿಕೊಂಡು ನಿಂತಿದ್ದಾರೆ. ಮಾವ ನೇರ ಹೋಗಿ ನನ್ನ ಕುರ್ಚಿಯಲ್ಲಿ ಕೂತರು.

"ನೀನ್ಯಾಕೆ ಇಲ್ಲಿದೀಯಾ? ರಜೆಯಲ್ಲಿರೋರು ಆಫೀಸಿಗೆ ಬರಬಾರದು."

"ಇದು ನನ್ನ ಮನೆ ಮಾವ!"

"ಹತ್ತರಿಂದ ಐದರವರೆಗೆ ಆಫೀಸು. ಸಂಜೆ ಬಾ."

ನನ್ನನ್ನು ನನ್ನ ಮನೆಯಿಂದ ಹೊರಗೆ ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡರು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಟೈಲರಣ್ಣನ ಅಂಗಡಿಗೆ ಹೋಗಿ, ಅವನ ಹೆಂಡತಿ ಕೊಟ್ಟ ಅಂಗಿಗಳಿಗೆ ಗುಂಡಿ ಹೊಲಿದೆ. ಅವಳು ತನ್ನ ನಾದಿನಿಯನ್ನು ಬೈಯುತ್ತಿದ್ದಳು. ಆ ನಾದಿನಿಯನ್ನು ಕಂಡೇ ಇಲ್ಲದ ನಾನೂ ಜೊತೆಗೆ ಸೇರಿ ಬೈದೆ. ಮಧ್ಯಾಹ್ನ ನರ್ಸಮ್ಮನ ಅಮ್ಮನ ಜೊತೆ ಪಗಡೆಯಾಡಿ ಮೂರು ಸಲ ಸೋತೆ. ಅಜ್ಜಿ ಮೋಸ ಮಾಡುತ್ತಿದ್ದರು. ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದವಳನ್ನು ಸಂಜೆಯವರೆಗೆ ಯಾರೂ ಎಬ್ಬಿಸಲಿಲ್ಲ.

ಶನಿವಾರವೂ ಹಾಗೆಯೇ. ಊಟದ ಹೊತ್ತಿಗೆ, ಮನೆಯಲ್ಲಿ, ಅಲ್ಲ, ಆಫೀಸಿನಲ್ಲಿ ಏನು ನಡೆದಿದೆಯೋ ಎಂದು ಮೆಲ್ಲಗೆ ಹತ್ತಿ ಬಾಗಿಲಿಗೆ ಕಿವಿ ಕೊಟ್ಟೆ. ಪ್ರಕಾಶಕರ ದನಿ!

"ಬೇರೆಯವರನ್ನ ನೋಡ್ದೆ ಕಣ್ರೀ. ಎಲ್ಲರೂ ಸೋಮವಾರಕ್ಕೆ ಹತ್ತು ಕೊಡ್ತೀನಿ ಅಂತಾರೆ. ಅದಕ್ಕೇ ಭಯ ಆಯ್ತು. ಹೋಗ್ಲಿ, ನಾಲ್ಕು?"

"ನಾಲ್ಕು ಆಗಬಹುದು" ಎಂದರು ಮಾವ. "ಮುಂದಿನ ತಿಂಗಳು ಕೊನೇಗೆ."

"ಈ ತಿಂಗಳು?"

"ಮುಂದಿನ ತಿಂಗಳು. ಭಾನುವಾರ ಕೆಲಸ ಇಲ್ಲ. ಸಂಜೆ ಆರರ ಮೇಲೆ ಫೋನ್ ಮಾಡಿದ್ರೆ ನಾನು ಎತ್ತೋದು. ನಾನು ಎತ್ತಿದ್ರೆ ಏನಾಗುತ್ತೆ ಅಂತ ನಿಮಗೀಗ ಗೊತ್ತು."

ನಾನು ಕಿವಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿದೆ.

"ಆಯ್ತು ಬಿಡಿ" ಎಂದರು ಪ್ರಕಾಶಕರು. "ಒಂದ್ಸಲ ಆ ಡಿಸೈನರ್ ಹತ್ರ ಮಾತಾಡಬಹುದಾ?"

"ಸೋಮವಾರ ಬನ್ನಿ."

ನಾನು ಬಾಗಿಲು ಬಡಿಯಲು ಕೈ ಎತ್ತಿದ್ದೆ. ಕೆಳಗಿನಿಂದ ಅಜ್ಜಿ ಕೂಗಿದರು: "ಏಯ್ ಹುಡುಗಿ, ಕಾಯಿ ಹೂಡಿ ಆಯ್ತು, ಬರ್ತೀಯೋ ಇಲ್ಲಾ ಸೋತೆ ಅಂತ ಒಪ್ಕೋತೀಯೋ?"

"ಒಪ್ಪೋದಾ? ನಾನಾ?" ಎಂದು ಕೂಗಿ, ಎರಡೆರಡು ಮೆಟ್ಟಿಲು ಹಾರಿ ಇಳಿದೆ.