ಸಹಿಮಾಮನ ಮನೆಯವರು

"ಕೆಳಗಿಡಿ ಅಣ್ಣಾ. ನಾಲ್ಕನ್ನೂ ಕೆಳಗಿಡಿ."

ಎರಡೂ ಕಂಕುಳಲ್ಲಿ ಎರಡೆರಡು ಮಡಚುಕುರ್ಚಿ ಇರುಕಿಕೊಂಡು ಉಗ್ರಾಣದ ಹೊಸ್ತಿಲು ದಾಟುತ್ತಿದ್ದ ವ್ಯಾನಿನ ಡ್ರೈವರು ಹಾಗೇ ನಿಂತ. ಒಳಗಿದ್ದ ಕಾಲನ್ನು ಹೊರಗಿಡುವುದೋ, ಹೊರಗಿಟ್ಟದ್ದನ್ನು ಒಳಗೆ ತರುವುದೋ ಅವನಿಗೆ ತಿಳಿಯಲಿಲ್ಲ.

"ಯಾಕಮ್ಮಾ?"

"ಸಹಿ ಆಗಿಲ್ಲ."

ಡ್ರೈವರು ಉಗ್ರಾಣದಾಕೆಯ ಮುಖ ನೋಡಿದ. ತಮಾಷೆಯ ಲಕ್ಷಣ ಕಾಣಲಿಲ್ಲ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಆದರೂ ಮೇಜಿನ ಮೇಲೆ ದೊಡ್ಡ ಪುಸ್ತಕ ತೆರೆದಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿ, ಹಿಂದಿನ ಇಪ್ಪತ್ತು ವರ್ಷ ಕೂತಿದ್ದ ಹಾಗೇ ಕೂತಿದ್ದಳು.

"ಸತ್ತಿರೋದು ಸಹಿಮಾಮ ಕಣಮ್ಮಾ," ಎಂದ ಅವನು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಅವರ ಮಣ್ಣಿಗೆ ಅವರದೇ ಕುರ್ಚಿ ತಗೊಳ್ಳೋಕೂ ಸಹಿ ಬೇಕಾ?"

"ಅವರದಲ್ಲ, ದತ್ತಿದು."

ಇದು ಅವಳ ಮಾತೇ ಅಲ್ಲ. ಮೂವತ್ತನಾಲ್ಕು ವರ್ಷ ಅದೇ ಕಟ್ಟಡದಲ್ಲಿ, ಅದೇ ಗಂಟಲಿನಿಂದ ದಿನಕ್ಕೆ ನಾಲ್ಕು ಸಲವಾದರೂ ಹೊರಟ ಮಾತು. ಆ ಗಂಟಲು ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನಿಂತುಹೋಗಿತ್ತು. ಡ್ರೈವರು ಕುರ್ಚಿಗಳನ್ನು ಗೋಡೆಗೆ ಒರಗಿಸಿದ.

ಯಾವ ಕಾಲದಲ್ಲೋ ಮಕ್ಕಳಿಲ್ಲದ ಗಂಡಹೆಂಡತಿ ತಮ್ಮ ಮನೆ, ತೋಟ, ಅಂಗಡಿ ಸಾಲು ಎಲ್ಲವನ್ನೂ ಸಮುದಾಯಕ್ಕೆ ಬರೆದಿಟ್ಟು ಹೋಗಿದ್ದರು. ಅದೇ ಈ ದತ್ತಿ. ಈಗ ಅದರ ಆಸರೆಯಲ್ಲಿ ಒಂದು ಪ್ರಾರ್ಥನಾ ಮಂದಿರ, ದಿಕ್ಕಿಲ್ಲದ ಮಕ್ಕಳಿಗೊಂದು ವಸತಿಗೃಹ, ಬೆಳಗಿನ ಹೊತ್ತು ತೆರೆಯುವ ಔಷಧಾಲಯ ಮತ್ತು ಈ ಉಗ್ರಾಣ ನಡೆಯುತ್ತಿದ್ದವು. ಮುನ್ನೂರು ಕುರ್ಚಿ, ಜಮಖಾನೆ, ಆಳೆತ್ತರದ ಪಾತ್ರೆಗಳು, ಶಾಮಿಯಾನ, ಮೈಕು. ಯಾರ ಮನೆಯ ಮದುವೆಗೂ ಯಾರ ಮನೆಯ ಸಾವಿಗೂ ಸಾಮಾನು ಹೋಗುತ್ತಿದ್ದದ್ದು ಇಲ್ಲಿಂದ. ಸಂಬಳಕ್ಕೆ ಐದು ಜನ, ಸೇವೆಗೆಂದು ಬರುವವರು ಐವತ್ತು ಜನ. ಇವರೆಲ್ಲರ ತಲೆಯ ಮೇಲೆ ವ್ಯವಸ್ಥಾಪಕ. ಚಮಚ ಕೊಟ್ಟರೂ ಸಹಿ ಹಾಕಿಸಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಸಹಿಮಾಮ ಎಂದು ಹೆಸರು ಬೀಳದೆ ಇನ್ನೇನು ಬಿದ್ದೀತು? ಎದುರಿಗೂ ಹಾಗೆಯೇ ಕರೆಯುತ್ತಿದ್ದರು. ಅವರೂ ಓಗೊಡುತ್ತಿದ್ದರು.

"ಸರಿ, ನಾನೇ ಹಾಕ್ತೀನಿ ಕೊಡು," ಎಂದು ಡ್ರೈವರು ಪೆನ್ನಿಗೆ ಕೈ ಚಾಚಿದ.

"ನೀವು ದತ್ತಿಯವರು. ನೀವು ಹಾಕೋ ಹಾಗಿಲ್ಲ. ನಾನೂ ಹಾಕೋ ಹಾಗಿಲ್ಲ. ಮನೆಯವರೇ ಹಾಕಬೇಕು."

"ಅವರಿಗೆ ಮನೆ ಅಂತ ಎಲ್ಲಿತ್ತು? ಮದುವೆ ಇಲ್ಲ, ಮಕ್ಕಳಿಲ್ಲ. ಆಫೀಸಿನ ಹಿಂದಿನ ಕೋಣೆ, ಒಂದು ಮಂಚ, ಒಂದು ಟ್ರಂಕು."

ಉಗ್ರಾಣದಾಕೆ ತಲೆ ತಗ್ಗಿಸಿದಳು. ಬೆಳಗಿನಿಂದ ಅವಳ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳೇ ಅದು. ಪುಸ್ತಕದ ಪುಟದಲ್ಲಿ ಮೃತರ ಹೆಸರು, ಸಾಮಾನಿನ ವಿವರ, ಸಹಿ, ಅದರ ಪಕ್ಕದಲ್ಲಿ ‘ಸಂಬಂಧ’ ಎಂದೊಂದು ಕಾಲಂ. ಆ ಖಾಲಿ ಜಾಗದ ಮೇಲೆ ಅವಳಿಗೆ ಎಂಥ ಆಸೆ ಇತ್ತೆಂದು ಡ್ರೈವರಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ಅವಳು ಸತ್ತರೂ ಹೇಳುತ್ತಿರಲಿಲ್ಲ.

* * *

ಈ ನಿಯಮ ಮೊದಲಿನಿಂದ ಇದ್ದದ್ದಲ್ಲ. ಸಹಿಮಾಮ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ದರ್ಜಿ ತೀರಿಕೊಂಡ. ಆಗ ದತ್ತಿಯ ಸಮಿತಿಯಲ್ಲಿದ್ದ ದವಸದ ವ್ಯಾಪಾರಿಯೊಬ್ಬರು ತಾವೇ ಸಹಿ ಹಾಕಿ ಸಾಮಾನು ತರಿಸಿದರು, ಅಡುಗೆ ಮಾಡಿಸಿದರು, ಬಂದವರನ್ನೆಲ್ಲ ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. "ಪಾಪ, ಇವರಿಗೆ ಯಾರಿದ್ದಾರೆ, ಎಲ್ಲ ನಾನೇ ನಿಂತು ಮಾಡಿಸಿದೆ" ಎಂದು ನೂರು ಜನಕ್ಕೆ ನೂರು ಸಲ ಹೇಳಿದರು. ಕೆಟ್ಟ ಮನುಷ್ಯರೇನಲ್ಲ, ಬಾಯಿ ಸ್ವಲ್ಪ ಉದ್ದ.

ಮೂರನೆಯ ದಿನ ದರ್ಜಿಯ ಹೆಂಡತಿ ಆಫೀಸಿಗೆ ಬಂದಳು. ದೂರು ಕೊಡಲಿಲ್ಲ, ಅಳಲಿಲ್ಲ. "ನನ್ನ ಗಂಡನ ಸಾವಿಗೆ ನಾನೇ ನೆಂಟಳಾಗಿ ಹೋದೆ ಸ್ವಾಮೀ" ಎಂದಷ್ಟೇ ಹೇಳಿ ಹೋದಳು.

ಸಹಿಮಾಮ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಸಮಿತಿಯನ್ನು ಸೇರಿಸಿ, ದತ್ತಿಯ ಸಿಬ್ಬಂದಿಯಾಗಲಿ ಸ್ವಯಂಸೇವಕರಾಗಲಿ ಸಮಿತಿಯವರಾಗಲಿ ಯಾರ ಪರವಾಗಿಯೂ ಸಹಿ ಹಾಕಕೂಡದು, ಆ ಮನೆಯವರೇ ಬಂದು ಕೇಳಿ ಪಡೆಯಬೇಕು ಎಂದು ಬರೆಸಿದರು. ದವಸದ ವ್ಯಾಪಾರಿಗೆ ಸಿಟ್ಟು ಬಂತು. "ನಾವು ಕೊಡೋದು, ಅವರು ತಗೊಳ್ಳೋದು. ಇದರಲ್ಲಿ ಇಷ್ಟೊಂದು ಬಿಂಕ ಯಾಕ್ರೀ?" ಎಂದರು.

"ನಾವು ಕೊಡ್ತಾ ಇಲ್ಲ ಸ್ವಾಮೀ. ಅವರ ಪಾಲು ಅವರು ತಗೊಳ್ತಾರೆ. ನಾವು ಬಾಗಿಲು ತೆಗೆಯೋರು, ಅಷ್ಟೇ," ಎಂದರು ಸಹಿಮಾಮ.

* * *

ಹತ್ತು ಗಂಟೆಗೆ ಮಂದಿರದ ಅಂಗಳ ತುಂಬತೊಡಗಿತು. ಹನ್ನೊಂದೂವರೆಗೆ ಪ್ರಾರ್ಥನೆ, ಆಮೇಲೆ ಸ್ಮಶಾನ. ಕುರ್ಚಿಯಿಲ್ಲದೆ ಜನ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತರು. ಉಗ್ರಾಣದ ಬಾಗಿಲಲ್ಲಿ ಸಹಿಗಾಗಿ ಸಾಮಾನು ತಡೆದಿದೆ ಎಂಬ ಸುದ್ದಿ ಅಂಗಳಕ್ಕೆ ಮುಟ್ಟಿದ್ದೇ ತಡ, ಸಾವಿನ ಮನೆಯೆಂಬುದನ್ನೂ ಮರೆತು ಯಾರೋ ಕಿಸಕ್ಕನೆ ನಕ್ಕರು.

"ನನ್ನ ಮದುವೇಲಿ ಏನಾಯ್ತು ಗೊತ್ತಾ?" ಎಂದ ಒಬ್ಬ ಬಡಗಿ. "ವಾಪಸ್ ತಂದ ಕೊಪ್ಪರಿಗೆ ಸರಿಯಾಗಿ ತೊಳೆದಿಲ್ಲ ಅಂತ ಮದುಮಗನ ಬಟ್ಟೇಲೇ ನನ್ನನ್ನ ಅದರೊಳಕ್ಕೆ ಇಳಿಸಿ ಉಜ್ಜಿಸಿದ್ರು. ಅದೇ ನಮ್ಮಪ್ಪ ಸತ್ತಾಗ ಎಲ್ಲರಿಗಿಂತ ಮೊದಲು ಬಂದು, ಅಂಗಿಯ ತೋಳು ಮಡಚಿ, ಆ ಕೊಪ್ಪರಿಗೆ ತೊಳೆದುಕೊಟ್ಟು ಹೋದ್ರು."

"ನಮ್ಮನೆಗೂ ಬಂದಿದ್ರು," ಎಂದಳು ಪಕ್ಕದ ಹೆಂಗಸು. "ಊಟ ಮಾತ್ರ ಮುಟ್ಟಲಿಲ್ಲ. ಹಿತ್ತಲಲ್ಲಿ ಕೂತು ಜಮಖಾನೆ ಕೊಡವಿ ಮಡಚಿ ಹೋದ್ರು. ಪುಣ್ಯಾತ್ಮ."

ಅಷ್ಟರಲ್ಲಿ ದತ್ತಿಯ ಅಧ್ಯಕ್ಷರು ಉಗ್ರಾಣಕ್ಕೆ ಬಂದರು. ಔಷಧಾಲಯದಲ್ಲಿ ಸೇವೆ ಮಾಡುವ ವಯಸ್ಸಾದ ಡಾಕ್ಟರು ಅವರೇ. ಜೊತೆಯಲ್ಲಿ ಮೂವತ್ತೈದರ ಒಬ್ಬ ಗಂಡಸು, ಕೈಯಲ್ಲಿ ಪ್ರಯಾಣದ ಚೀಲ.

"ಇವರು ಸಹಿಮಾಮನ ಅಕ್ಕನ ಮಗ. ಈಗ ತಾನೇ ಬಂದಿಳಿದರು. ರಕ್ತಸಂಬಂಧ ಅಂತ ಇರೋದು ಇವರೊಬ್ಬರೇ. ಸಹಿ ಹಾಕಿಸಿಕೊಂಡುಬಿಡಮ್ಮ, ಜನ ಬಿಸಿಲಲ್ಲಿದ್ದಾರೆ."

ಉಗ್ರಾಣದಾಕೆ ಎದ್ದು ಕೈಮುಗಿದಳು. ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. ಒಲೆಯ ಕಡೆಯಿಂದ ವಸತಿಗೃಹದ ಅಡುಗೆಯಮ್ಮ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟು ಜನ ಬರ್ತಾರೆ?" ಉಗ್ರಾಣದಾಕೆ ವಾಡಿಕೆಯ ಪ್ರಶ್ನೆ ಕೇಳಿದಳು. ಸಾಮಾನು ಕೊಡುವ ಮೊದಲು ಎಲ್ಲರನ್ನೂ ಕೇಳುವ ಪ್ರಶ್ನೆಗಳಲ್ಲಿ ಅದು ಮೊದಲನೆಯದು.

ಸೋದರಳಿಯ ಅಂಗಳದ ಕಡೆ ನೋಡಿದ. "ಗೊತ್ತಿಲ್ಲ... ಒಂದು ಐವತ್ತು?"

"ನೆಲದ ಮೇಲೆ ಕೂರೋಕಾಗದೋರು ಎಷ್ಟು ಜನ?"

"ಗೊತ್ತಿಲ್ಲ."

"ಹೊತ್ತಿಗೆ ಸರಿಯಾಗಿ ಊಟ ಬೀಳಲೇಬೇಕಾದೋರು ಯಾರಾದ್ರೂ ಇದ್ದಾರಾ?"

ಅವನು ಪೆನ್ನು ಕೆಳಗಿಟ್ಟ. ಮುಖ ಕೆಂಪಾಗಿತ್ತು. "ಅಕ್ಕಾ, ನಾನು ಮಾಮನ್ನ ಕೊನೇ ಸಲ ನೋಡಿದಾಗ ಮೀಸೆ ಬಂದಿರಲಿಲ್ಲ ನಂಗೆ. ವರ್ಷಕ್ಕೊಂದು ಕಾಗದ ಬರೀತಿದ್ರು. ಅದರ ತುಂಬ ನಿಮ್ಮಗಳದೇ ಸುದ್ದಿ. ಇದಕ್ಕೆಲ್ಲ ಉತ್ತರ ಯಾರಿಗೆ ಗೊತ್ತು?"

ಉಗ್ರಾಣದಾಕೆ ಅಂಗಳದ ಕಡೆ ಒಮ್ಮೆ ಕಣ್ಣಾಡಿಸಿದಳು.

"ಮುನ್ನೂರು ಜನ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಮಂಡಿನೋವಿನವರು ನಲವತ್ತು. ಊಟ ಹೊತ್ತಾಗಬಾರದ್ದು ಈ ಅಡುಗೆಯಮ್ಮಂಗೇ, ಸಕ್ಕರೆ ಕಾಯಿಲೆ, ಕೇಳಿದ್ರೆ ಇಲ್ಲ ಅಂತಾರೆ. ಮೈಕು ಬೇಡ. ಮಂದಿರದ ಗುರುಗಳ ಗಂಟಲಿಗೆ ಮೈಕು ಕೊಡೋದು ಸಮುದ್ರಕ್ಕೆ ನೀರು ಹೊಯ್ದ ಹಾಗೆ ಅಂತಿದ್ರು ಮಾಮ."

ಸೋದರಳಿಯ ಪುಸ್ತಕವನ್ನು ಮತ್ತೆ ಅವಳ ಕಡೆಗೇ ತಿರುಗಿಸಿದ. "ಹಾಗಿದ್ರೆ ಮನೆಯವರು ನೀವೇ ಅಲ್ವಾ ಅಕ್ಕಾ?"

* * *

ಅವಳು ದತ್ತಿಯ ವಸತಿಗೃಹಕ್ಕೆ ಬಂದಾಗ ಆರು ವರ್ಷ. ಹನ್ನೊಂದಾದಾಗ ಶಾಲೆಯಿಂದ ಒಂದು ಅರ್ಜಿ ತಂದು ಸಹಿಮಾಮನ ಮೇಜಿನ ಮೇಲಿಟ್ಟು, ‘ತಂದೆ ಅಥವಾ ಪೋಷಕರು’ ಎಂದಿದ್ದ ಕಡೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಅಪ್ಪ ಅಂತ ಬರೀರಿ."

ಸಹಿಮಾಮ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ‘ದತ್ತಿಯ ವ್ಯವಸ್ಥಾಪಕ’ ಎಂದು ಬರೆದು ಸಹಿ ಮಾಡಿದರು. ಅವಳು ಒಂದು ವಾರ ಅವರ ಜೊತೆ ಮಾತು ಬಿಟ್ಟಳು. ಎಂಟನೆಯ ದಿನ ಅವರೇ ಅವಳು ಪಾಠ ಓದುತ್ತಿದ್ದ ಕಿಟಕಿಯ ಹತ್ತಿರ ಬಂದು ನಿಂತರು.

"ಇಲ್ಲಿ ಎಷ್ಟು ಮಕ್ಕಳಿದ್ದೀರಿ?"

"ಇಪ್ಪತ್ತೊಂದು."

"ನಾನು ಒಬ್ಬಳಿಗೆ ಅಪ್ಪ ಅಂತ ಬರೆದ್ರೆ, ಇನ್ನಿಪ್ಪತ್ತು ಮಕ್ಕಳಿಗೆ ಅಪ್ಪ ಅಲ್ಲ ಅಂತ ಬರೆದ ಹಾಗೆ ಆಗಲ್ವಾ?"

ಅವಳಿಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ನೋವೇನೂ ಹೋಗಲಿಲ್ಲ. ಆಮೇಲೆ ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೊನ್ನೆ ಮೊನ್ನೆ ಆಸ್ಪತ್ರೆಯಲ್ಲಿ ನರ್ಸು ಬಂದು "ಇವರಿಗೆ ನೀವೇನಾಗಬೇಕು?" ಎಂದಾಗ ಅವಳು "ಆಫೀಸಿನವಳು" ಎಂದಿದ್ದಳು. ನರ್ಸು ಹೋದ ಮೇಲೆ, ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ ಸಹಿಮಾಮ ಕಣ್ಣು ಬಿಟ್ಟರು.

"ಉಗ್ರಾಣಕ್ಕೆ ಯಾರಾದ್ರೂ ಬಂದು ಸಹಿ ಹಾಕಿದಾಗ ಸಂಬಂಧದ ಕಾಲಂ ತುಂಬೋರು ಯಾರು?"

"ಅವರೇ."

"ನಾವು ಯಾವತ್ತಾದ್ರೂ ಪುರಾವೆ ಕೇಳಿದ್ದುಂಟಾ?"

"ಇಲ್ಲ."

"ಹ್ಞೂಂ," ಎಂದು ಮತ್ತೆ ಕಣ್ಣು ಮುಚ್ಚಿದರು. ಅವರು ಏನನ್ನೂ ಬಾಯಿಬಿಟ್ಟು ಹೇಳುವ ಜಾತಿಯವರಲ್ಲ. ಅಷ್ಟು ಹೇಳಿದ್ದೇ ಹೆಚ್ಚು.

* * *

"ನಾನು ಸಂಬಳ ತಗೊಳ್ಳೋಳು," ಎಂದಳು ಉಗ್ರಾಣದಾಕೆ. "ಸಿಬ್ಬಂದಿ ಸಹಿ ಹಾಕೋ ಹಾಗಿಲ್ಲ. ಅವರು ಮಾಡಿದ ನಿಯಮ ಅವರ ದಿನವೇ ಮುರೀಲಾ ಡಾಕ್ಟರೇ?"

ಡಾಕ್ಟರು ಗಡ್ಡ ಕೆರೆದುಕೊಂಡರು. ರೋಗ ಹಿಡಿಯುವಾಗಲೂ ಹಾಗೆಯೇ ಮಾಡುತ್ತಿದ್ದರು. "ನೀನು ಇಷ್ಟು ವರ್ಷದಲ್ಲಿ ಎಷ್ಟು ರಜೆ ತಗೊಂಡಿದ್ದೀಯಮ್ಮಾ?"

"ಒಂದೂ ತಗೊಂಡಿಲ್ಲ."

"ರಜೆಯಲ್ಲಿರೋರು ಆವತ್ತಿನ ಮಟ್ಟಿಗೆ ಸಿಬ್ಬಂದಿ ಅಲ್ಲ. ಒಂದು ರಜೆ ಚೀಟಿ ಬರೆದುಕೊಡು, ಇಲ್ಲೇ ಮಂಜೂರು ಮಾಡ್ತೀನಿ. ಕಾರಣ ಮಾತ್ರ ಬರೀಬೇಕಪ್ಪ. ಕಾರಣ ಇಲ್ಲದ ರಜೆಗೆ ಸಹಿಮಾಮ ಒಪ್ತಿರಲಿಲ್ಲ."

ಅವಳು ಕಾಗದ ತೆಗೆದುಕೊಂಡಳು. ಮಾನ್ಯರೇ ಎಂದು ಬರೆದಳು, ಇಂದು ಒಂದು ದಿನ ಎಂದು ಬರೆದಳು. ಕಾರಣದ ಹತ್ತಿರ ಪೆನ್ನು ನಿಂತಿತು. ಆಮೇಲೆ ‘ಮನೆಯಲ್ಲಿ ಸಾವಾಗಿರುವುದರಿಂದ’ ಎಂದು ಬರೆಯುತ್ತಿದ್ದ ಹಾಗೆ ನಿನ್ನೆಯಿಂದ ಸದ್ದಿಲ್ಲದೆ ಹರಿಯುತ್ತಿದ್ದ ಕಣ್ಣೀರು ಸದ್ದು ಮಾಡಿ ಬಂತು. ಅಡುಗೆಯಮ್ಮ ಅವಳನ್ನು ಅಪ್ಪಿಕೊಂಡು ತಾನೂ ಅತ್ತಳು. ಡಾಕ್ಟರು ಚೀಟಿಗೆ ಸಹಿ ಹಾಕುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು.

ಡ್ರೈವರು ಮೇಜಿನ ಹಿಂದೆ ಹೋಗಿ ಅವಳ ಜಾಗದಲ್ಲಿ ಕೂತ. ಅವಳು ಮೊದಲ ಸಲ ಮೇಜಿನ ಈಚೆ ನಿಂತು ಸಹಿ ಹಾಕಿದಳು.

"ಸಹಿ ಆಯ್ತು. ಸಂಬಂಧ?" ಎಂದ ಅವನು.

ಅವಳು ಬರೆಯಲಿಲ್ಲ. ಅವನ ಮುಖವನ್ನೇ ನೋಡಿದಳು. ಆ ಇಪ್ಪತ್ತೊಂದು ಮಕ್ಕಳಲ್ಲಿ ಅವನೂ ಒಬ್ಬ. ಅವಳಿಗಿಂತ ನಾಲ್ಕು ವರ್ಷ ದೊಡ್ಡವನು.

"ನಾನೊಬ್ಬಳೇ ಬರೆದುಕೊಂಡ್ರೆ ನಿಮಗೆಲ್ಲ..."

"ಅಯ್ಯೋ ತಂಗೀ," ಎಂದ ಡ್ರೈವರು. "ಇದಕ್ಕಾ ಇಷ್ಟು ಹೊತ್ತು ಒದ್ದಾಡ್ತಿರೋದು? ನಾನು ಲೈಸೆನ್ಸಿನ ಅರ್ಜೀಲಿ ತಂದೆ ಹೆಸರು ಅನ್ನೋ ಕಡೆ ಅವರ ಹೆಸರನ್ನ ಯಾವ ಕಾಲದಲ್ಲೋ ಜಡಿದುಬಿಟ್ಟಿದ್ದೀನಿ!"

"ಅವರಿಗೆ ಗೊತ್ತಾ?"

"ಗೊತ್ತಿಲ್ದೆ? ಅರ್ಜಿ ತೋರಿಸಿದೆ. ಮೇಲಿಂದ ಕೆಳಗೆ ಎರಡು ಸಲ ಓದಿದ್ರು. ಅಕ್ಷರ ಇನ್ನೊಂದಿಷ್ಟು ದುಂಡಗೆ ಬರೀಬಾರದಿತ್ತಾ ಅಂತ ಬೈದು ವಾಪಸ್ ಕೊಟ್ರು. ಅಷ್ಟೇ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಗ್ಗಿ, ಮೂರೇ ಅಕ್ಷರದ ಆ ಮಾತನ್ನು ಆದಷ್ಟು ದುಂಡಗೆ ಬರೆದಳು: ಮಗಳು.

ಕುರ್ಚಿಗಳು ಹೊರಟವು. ಬಡಗಿ, ಆ ಹೆಂಗಸು, ಸೋದರಳಿಯ, ಯಾರ್ಯಾರೋ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಕಾಲು ಗಂಟೆಯಲ್ಲಿ ಅಂಗಳದಲ್ಲಿ ಸಾಲುಗಳು ಎದ್ದವು. ಸಹಿಮಾಮನನ್ನು ತಂದು ಮಂದಿರದ ಮುಂದೆ ಇಳಿಸಿದರು. ಗುರುಗಳು ಪ್ರಾರ್ಥನೆಗೆ ಎದ್ದರು.

ಉಗ್ರಾಣದಾಕೆ ಕಾಲಿನ ಅಭ್ಯಾಸದಂತೆ ಎಲ್ಲರ ಹಿಂದಿನ ಕಂಬದ ಹತ್ತಿರ ಹೋಗಿ ನಿಂತಿದ್ದಳು. ಅಡುಗೆಯಮ್ಮ ಹುಡುಕಿಕೊಂಡು ಬಂದು ಮೊಣಕೈ ಹಿಡಿದಳು. "ರಜೆಯಲ್ಲಿರೋಳಿಗೆ ಇಲ್ಲೇನು ಕೆಲಸ? ಬಾ ಇಲ್ಲಿ."

ಮುಂದಿನ ಸಾಲಿನಲ್ಲಿ ಸೋದರಳಿಯನ ಪಕ್ಕ ಕೂರಿಸಿದಳು. ಆ ಮುನ್ನೂರು ಕುರ್ಚಿಗಳಲ್ಲಿ ಯಾವುದರ ಕಾಲು ಸಡಿಲ, ಯಾವುದರ ಬೆನ್ನು ಬಿರುಕು ಎಂದು ಕಣ್ಣುಮುಚ್ಚಿ ಹೇಳಬಲ್ಲವಳು ಅವಳು. ಒಂದರ ಮೇಲೂ ಅಲ್ಲಿಯವರೆಗೆ ಕೂತಿರಲಿಲ್ಲ. ಜನ ಒಬ್ಬೊಬ್ಬರಾಗಿ ಬಂದು ಅವಳ ಎರಡೂ ಕೈ ಹಿಡಿದು ಹೋದರು.

ಗುರುಗಳ ದನಿ ಏರುತ್ತಿದ್ದಾಗ ಗೇಟಿನ ಕಡೆಯಿಂದ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಎಲ್ಲೂ ಜಾಗ ಕಾಣದೆ ಮೊದಲ ಸಾಲಿನ ಪಕ್ಕದಲ್ಲೇ ನಿಂತಳು. ಉಗ್ರಾಣದಾಕೆ ಕೂಡಲೇ ಅರ್ಧ ಎದ್ದು, ಕುರ್ಚಿಯ ಬೆನ್ನಿಗೆ ಕೈ ಹಾಕಿದಳು.

ಹಿಂದಿನಿಂದ ಅಡುಗೆಯಮ್ಮನ ಕೈ ಅವಳ ಭುಜದ ಮೇಲೆ ಬಿತ್ತು. ಮೆಲ್ಲಗೆ ಒತ್ತಿ ಕೂರಿಸಿತು. ಯಾರೋ ಓಡಿಹೋಗಿ ಮುದುಕಿಗೆ ಬೇರೆ ಕುರ್ಚಿ ತಂದರು. ಪ್ರಾರ್ಥನೆ ಮುಗಿಯುವವರೆಗೂ ಆ ಕೈ ಭುಜದ ಮೇಲೇ ಇತ್ತು.